ಇಲಿಯ ಮುಖ, ಮನುಷ್ಯನ ಕಥೆ

ಚಿತ್ರಗಳಲ್ಲಿ ಹೇಳಿದ ಕಾದಂಬರಿ ಸಾಹಿತ್ಯವೇ? ಜಗತ್ತು ಪ್ರಶಸ್ತಿಗಳ ಮೂಲಕ ಈ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ. ಕನ್ನಡದ ಓದುಗರು ಪುಟ ತೆರೆದು ತಾವೇ ತೀರ್ಮಾನಿಸುವುದು ಇನ್ನೂ ಬಾಕಿಯಿದೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ನಾಯಿಯ ಸ್ಮಾರಕವಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಈ ಶಾಸನಕಲ್ಲು ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳರ ವಿರುದ್ಧ ಕಾದಿದ ಮಣಲೆರ ಎಂಬ ವೀರನಿಗೆ ಒಡೆಯ ಮೆಚ್ಚಿ, ಏನು ಬೇಕೋ ಕೇಳಿಕೋ ಎಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೊಮ್ಮೆ ಬೆಳತೂರಿನ ಬೆಟ್ಟದ ಬಳಿ ದೊಡ್ಡದೊಂದು ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದುಕೊಂಡವು. ಕಾಳಿಗಾಗಿ ಕಲ್ಲು ನೆಟ್ಟು, ಪೂಜೆಗೆ ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಸುತ್ತಿಕೊಳ್ಳುತ್ತದೆ ಎಂದು ಬರೆಸಿದರು. ಅದೇ ಕಲ್ಲಿನ ಮೇಲೆ ನಾಯಿ ಮತ್ತು ಹಂದಿಯ ಕಾದಾಟದ ಉಬ್ಬುಚಿತ್ರವೂ ಇದೆ.

ಕಲ್ಲು ನೆಟ್ಟವರು ಕೆಲಸವನ್ನು ಚೆನ್ನಾಗಿ ಹಂಚಿದ್ದಾರೆ. ಹೆಸರು, ಊರು, ಯುದ್ಧ, ದತ್ತಿಯ ವಿವರ ಅಕ್ಷರಕ್ಕೆ. ಕಾದಾಟದ ಬಿಸಿ ಚಿತ್ರಕ್ಕೆ. ಶಾಸನವನ್ನು ನಾವು ಕನ್ನಡ ಸಾಹಿತ್ಯ ಚರಿತ್ರೆಯ ಮೊದಲ ಅಧ್ಯಾಯಗಳಲ್ಲಿ ಓದುತ್ತೇವೆ. ಉಬ್ಬುಚಿತ್ರವನ್ನು ಮಾತ್ರ ಶಿಲ್ಪಶಾಸ್ತ್ರದ ಪಾಲಿಗೆ ಬಿಟ್ಟುಬಿಟ್ಟಿದ್ದೇವೆ. ಒಂದೇ ಕಲ್ಲಿನ ಮೇಲೆ ಒಂದೇ ಕಥೆ ಹೇಳುತ್ತಿರುವ ಎರಡನ್ನು ಹೀಗೆ ಬೇರ್ಪಡಿಸಿದ್ದು ನಾವು, ಅವರಲ್ಲ.

ನಮ್ಮ ಹಳ್ಳಿಗಳ ಅಂಚಿನಲ್ಲಿ, ಕೆರೆಯ ಏರಿಯ ಮೇಲೆ, ದೇವಸ್ಥಾನದ ಹಿಂದೆ ನಿಂತಿರುವ ವೀರಗಲ್ಲುಗಳನ್ನು ಇನ್ನೊಮ್ಮೆ ನೋಡಿ. ಅವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನದರಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಬಹುತೇಕ ಕಲ್ಲುಗಳಲ್ಲಿ ಸಾವಿನ ಗಳಿಗೆಯೇ ಕಾಣುವುದಿಲ್ಲ. ಕೆಳಗೆ ಕತ್ತಿ ಎತ್ತಿದ್ದಾನೆ, ಮೇಲೆ ಹಾರುತ್ತಿದ್ದಾನೆ. ಸತ್ತದ್ದು ಎರಡು ಪಟ್ಟಿಕೆಗಳನ್ನು ಬೇರೆ ಮಾಡುವ ಆ ಗೆರೆಯಲ್ಲಿ, ಅಂದರೆ ನೋಡುವವರ ಮನಸ್ಸಿನಲ್ಲಿ.

ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುವ ಪುಸ್ತಕವನ್ನು ಕಾಮಿಕ್ಸ್ ರೂಪದಲ್ಲೇ ರಚಿಸಿದರು. ಅವರ ಮುಖ್ಯ ವಾದವೂ ಇದೇ. ಎರಡು ಚಿತ್ರಗಳ ನಡುವಿನ ಬಿಳಿ ಜಾಗದಲ್ಲಿ ಏನು ನಡೆಯಿತು ಎಂಬುದನ್ನು ಓದುಗನೇ ಕಟ್ಟಿಕೊಳ್ಳುತ್ತಾನೆ. ಈ ಕಲೆಯ ಜೀವ ಇರುವುದು ಅಲ್ಲಿ. ವೀರಗಲ್ಲು ನೋಡುತ್ತಾ ಬೆಳೆದವರಿಗೆ ಇದು ಹೊಸ ಮಾತಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯದಲ್ಲಿ ಹೇಳದೆ ಹೊಳೆಯುವ ಅರ್ಥಕ್ಕೇ ಅತಿ ಎತ್ತರದ ಸ್ಥಾನ ಕೊಟ್ಟ. ಆ ಅಳತೆಗೋಲನ್ನು ಕೈಯಲ್ಲಿ ಹಿಡಿದು ನೋಡಿದರೆ ಗ್ರಾಫಿಕ್ ಕಾದಂಬರಿಯನ್ನು ಸಾಹಿತ್ಯದ ಹೊಸ್ತಿಲಾಚೆ ನಿಲ್ಲಿಸಲು ನಮಗೆ ಕಾರಣವೇ ಸಿಗುವುದಿಲ್ಲ. ಎಲ್ಲ ಕಾಮಿಕ್ಸೂ ಹೊಸ್ತಿಲು ದಾಟುತ್ತದೆ ಎಂದು ಇದರ ಅರ್ಥವಲ್ಲ. ಎಲ್ಲ ಪದ್ಯವೂ ಕಾವ್ಯವಾಗುವುದಿಲ್ಲವಲ್ಲ, ಹಾಗೆ.

ಇಲಿ, ಬೆಕ್ಕು ಮತ್ತು ಒಬ್ಬ ತಂದೆ

ವಾದ ಸಾಕು, ಒಂದು ಪುಸ್ತಕವನ್ನು ತೆರೆಯೋಣ. ಆರ್ಟ್ ಸ್ಪೀಗೆಲ್‌ಮನ್ ಅವರ ‘ಮೌಸ್’. ಮೊದಲ ಸಂಪುಟ ಬಂದದ್ದು 1986ರಲ್ಲಿ, ಎರಡನೆಯದು 1991ರಲ್ಲಿ. ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದಲ್ಲಿ ಬದುಕುತ್ತಿರುವ ವಯಸ್ಸಾದ ತಂದೆ ವ್ಲಾಡೆಕ್, ಪೋಲೆಂಡಿನ ಯೆಹೂದಿ, ಆಶ್ವಿಟ್ಸ್ ಯಾತನಾಶಿಬಿರದಿಂದ ಜೀವಂತವಾಗಿ ಹೊರಬಂದವನು. ಮಗ ಟೇಪ್ ರೆಕಾರ್ಡರ್ ಹಿಡಿದು ಅವನ ಕಥೆ ಕೇಳುತ್ತಾನೆ. ಪುಸ್ತಕದಲ್ಲಿ ಯೆಹೂದಿಗಳಿಗೆ ಇಲಿಯ ಮುಖ, ಜರ್ಮನ್ನರಿಗೆ ಬೆಕ್ಕಿನ ಮುಖ, ಪೋಲಿಷ್ ಜನರಿಗೆ ಹಂದಿಯ ಮುಖ.

ಇಷ್ಟು ಕೇಳಿದರೆ ಪಂಚತಂತ್ರದ ಜಾಡು ಅನ್ನಿಸಬಹುದು. ಓದತೊಡಗಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ನಾಜಿಗಳು ಯೆಹೂದಿಗಳನ್ನು ಇಲಿ, ಕ್ರಿಮಿ ಎಂದು ಕರೆದೇ ಕೊಲ್ಲಲು ಹೊರಟವರು. ಆ ಬೈಗುಳವನ್ನೇ ಮುಖವಾಗಿ ತೊಡಿಸಿ, ಅದರೊಳಗಿನ ಮನುಷ್ಯನನ್ನು ಸ್ಪೀಗೆಲ್‌ಮನ್ ಪುಟಪುಟಕ್ಕೂ ಹೊರಗೆ ತರುತ್ತಾರೆ. ಎಲ್ಲ ಇಲಿಗಳ ಮುಖವೂ ಹೆಚ್ಚುಕಡಿಮೆ ಒಂದೇ. ಆದರೂ ಯಾರು ಹೆದರಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದು ಹೆಗಲ ಬಾಗಿನಿಂದ, ಕೈ ಇಟ್ಟುಕೊಂಡ ರೀತಿಯಿಂದ ಗೊತ್ತಾಗುತ್ತದೆ.

ಒಂದು ಚಿತ್ರವಂತೂ ಮರೆಯುವಂಥದ್ದಲ್ಲ. ವ್ಲಾಡೆಕ್ ಮತ್ತು ಅವನ ಹೆಂಡತಿ ಆನ್ಯಾ ಅಡಗುತಾಣ ಬಿಟ್ಟು ಹೊರಟಿದ್ದಾರೆ. ಎಲ್ಲಿಗೆ ಹೋಗಬೇಕೋ ತಿಳಿಯದು. ಬೆನ್ನು ಮಾತ್ರ ಕಾಣುವ ಎರಡು ಪುಟ್ಟ ಆಕೃತಿಗಳು, ಮುಂದೆ ಕವಲೊಡೆದ ದಾರಿ. ಸ್ವಲ್ಪ ಹೊತ್ತು ನೋಡಿದ ಮೇಲೆ ಆ ದಾರಿಗಳು ಸೇರಿ ನಾಜಿ ಸ್ವಸ್ತಿಕದ ಆಕಾರ ತಾಳಿರುವುದು ಕಣ್ಣಿಗೆ ಬೀಳುತ್ತದೆ. ಯಾವ ಕಡೆ ತಿರುಗಿದರೂ ಅವರು ಅದರೊಳಗೇ ಇದ್ದಾರೆ. ಗದ್ಯದಲ್ಲಿ ಇದನ್ನು ಹೇಳಬಹುದು. ಹೇಳಿದ ಕೂಡಲೇ ಅದು ಲೇಖಕನ ವಿವರಣೆಯಾಗುತ್ತದೆ. ಇಲ್ಲಿ ಹಾಗಿಲ್ಲ, ಓದುಗನೇ ತಡವಾಗಿ ಕಂಡುಹಿಡಿಯುತ್ತಾನೆ. ಆ ತಡದಲ್ಲೇ ಎದೆ ಝಲ್ಲೆನ್ನುತ್ತದೆ.

ಇನ್ನೂ ದೊಡ್ಡ ಸಾಧನೆ ತಂದೆಯ ಪಾತ್ರ. ಇಷ್ಟೆಲ್ಲ ಅನುಭವಿಸಿ ಬದುಕುಳಿದವನನ್ನು ಸಂತನಂತೆ ತೋರಿಸುವುದು ಸುಲಭವಿತ್ತು. ವ್ಲಾಡೆಕ್ ಜಿಪುಣ, ರಸ್ತೆಯಲ್ಲಿ ಬಿದ್ದ ತಂತಿಯನ್ನೂ ಎತ್ತಿಟ್ಟುಕೊಳ್ಳುವವನು, ಎರಡನೇ ಹೆಂಡತಿಯ ಪ್ರಾಣ ಹಿಂಡುವವನು. ಜನಾಂಗದ್ವೇಷಕ್ಕೆ ಕುಟುಂಬದ ಬಹುಪಾಲನ್ನು ಕಳೆದುಕೊಂಡವನು, ಸೊಸೆ ದಾರಿಯಲ್ಲಿ ಒಬ್ಬ ಕಪ್ಪುವರ್ಣೀಯನನ್ನು ಕಾರಿಗೆ ಹತ್ತಿಸಿಕೊಂಡರೆ ಸಿಡಿಮಿಡಿಗೊಳ್ಳುತ್ತಾನೆ. ಮಗ ಇದನ್ನು ಮುಚ್ಚಿಡುವುದಿಲ್ಲ. ತಾಯಿ 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದಳು. ಅವಳು ಬರೆದಿಟ್ಟಿದ್ದ ಡೈರಿಗಳನ್ನು ತಂದೆ ಸುಟ್ಟುಹಾಕಿದ್ದಾನೆ ಎಂದು ಮೊದಲ ಸಂಪುಟದ ಕೊನೆಯಲ್ಲಿ ಮಗನಿಗೆ ತಿಳಿಯುತ್ತದೆ. ನೊಂದವರು ಒಳ್ಳೆಯವರಾಗಿಯೇ ಉಳಿಯುತ್ತಾರೆ ಎಂಬ ನಮ್ಮ ನಂಬಿಕೆಯನ್ನು ಈ ಪುಸ್ತಕ ನಿಷ್ಠುರವಾಗಿ ಮುರಿಯುತ್ತದೆ.

1992ರಲ್ಲಿ ‘ಮೌಸ್’ಗೆ ಪುಲಿಟ್ಜರ್ ಸಂಸ್ಥೆಯ ವಿಶೇಷ ಪ್ರಶಸ್ತಿ ಬಂತು. ಅದಕ್ಕೂ ಮೊದಲು ನ್ಯೂಯಾರ್ಕ್ ಟೈಮ್ಸ್ ಇದರ ಎರಡನೇ ಸಂಪುಟವನ್ನು ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಯಲ್ಲಿ ಕಥಾಸಾಹಿತ್ಯದ ಕೆಳಗೆ ಹಾಕಿತ್ತು. ಲೇಖಕರು ಆಕ್ಷೇಪಿಸಿ ಪತ್ರ ಬರೆದ ಮೇಲೆ ವಾಸ್ತವ ಬರಹದ ಪಟ್ಟಿಗೆ ಸರಿಸಿತು. ಮೂವತ್ತು ವರ್ಷಗಳ ಬಳಿಕ, 2022ರ ಜನವರಿಯಲ್ಲಿ, ಟೆನೆಸಿ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ಹತ್ತು–ಸೊನ್ನೆ ಮತಗಳಿಂದ ಇದನ್ನು ಎಂಟನೇ ತರಗತಿಯ ಪಠ್ಯದಿಂದ ತೆಗೆದುಹಾಕಿತು. ಕಾರಣ, ಕೆಲವು ಬೈಗುಳ ಮತ್ತು ಒಂದು ನಗ್ನ ಚಿತ್ರ. ಸುದ್ದಿ ಹರಡಿದ್ದೇ ತಡ ಪುಸ್ತಕ ಮತ್ತೆ ಮಾರಾಟದ ಪಟ್ಟಿಗಳ ತುದಿಗೇರಿತು. ಬರೀ ಮಕ್ಕಳಾಟದ ಪುಸ್ತಕಕ್ಕೆ ಯಾರೂ ಇಷ್ಟು ಹೆದರುವುದಿಲ್ಲ.

ಒಳ್ಳೆಯದೇ ಗೆಲ್ಲಬೇಕೆಂಬ ಕಾನೂನು

ಕಾಮಿಕ್ಸ್ ಎಂದರೆ ಚಿಲ್ಲರೆ ಎಂಬ ಭಾವನೆ ಎಲ್ಲಿಂದ ಬಂತು? ಒಂದಷ್ಟು ಪಾಲು ಕಾಮಿಕ್ಸ್ ಉದ್ಯಮದ್ದೇ. ಅಗ್ಗದ ಕಾಗದ, ಅವಸರದ ಕಥೆ, ವಾರವಾರವೂ ಅದೇ ಹೊಡೆದಾಟ. ಇನ್ನೊಂದು ಪಾಲು ಅದರ ಮೇಲೆ ಹೇರಿದ ನಿಯಮಗಳದ್ದು. 1954ರಲ್ಲಿ ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ದಮ್ ಕಾಮಿಕ್ಸ್ ಮಕ್ಕಳನ್ನು ಅಪರಾಧದ ಕಡೆ ಒಯ್ಯುತ್ತದೆ ಎಂದು ಪುಸ್ತಕ ಬರೆದರು. ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿತು. ಬೆದರಿದ ಪ್ರಕಾಶಕರು ಅದೇ ವರ್ಷ ತಮಗೆ ತಾವೇ ಒಂದು ಸಂಹಿತೆ ಹಾಕಿಕೊಂಡರು. ಪ್ರತಿ ಕಥೆಯಲ್ಲೂ ಕೆಟ್ಟದ್ದರ ಮೇಲೆ ಒಳ್ಳೆಯದು ಗೆಲ್ಲಲೇಬೇಕು ಎಂಬುದು ಅದರ ನಿಯಮಗಳಲ್ಲೊಂದು.

ಇದೇ ಕಟ್ಟಳೆ ಕನ್ನಡ ಕಾದಂಬರಿಯ ಮೇಲಿದ್ದಿದ್ದರೆ ಕಾರಂತರ ‘ಚೋಮನ ದುಡಿ’ ಬರುತ್ತಿರಲಿಲ್ಲ. ಪ್ರಾಣೇಶಾಚಾರ್ಯರನ್ನು ನಡುದಾರಿಯಲ್ಲಿ ನಿಲ್ಲಿಸುವ ಅನಂತಮೂರ್ತಿಯವರ ‘ಸಂಸ್ಕಾರ’ವೂ ಬರುತ್ತಿರಲಿಲ್ಲ. ಒಂದು ಮಾಧ್ಯಮದ ಕೈಕಾಲು ಕಟ್ಟಿ, ಆಮೇಲೆ ಇದಕ್ಕೆ ಓಡಲು ಬರುವುದಿಲ್ಲ ಎಂದು ತೀರ್ಪು ಕೊಟ್ಟಂತಾಯಿತು. ಕಟ್ಟು ಸಡಿಲವಾದ ಮೇಲೆ ಬಂದದ್ದನ್ನು ನೋಡಿ. 1978ರಲ್ಲಿ ವಿಲ್ ಐಸ್ನರ್ ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಯೆಹೂದಿ ವಠಾರದ ಕಥೆಗಳನ್ನು ಬರೆದರು. ಗ್ರಾಫಿಕ್ ಕಾದಂಬರಿ ಎಂಬ ಹೆಸರು ಜನರ ಬಾಯಿಗೆ ಬಂದದ್ದು ಆ ಪುಸ್ತಕದಿಂದ. ಮಗಳನ್ನು ಕಳೆದುಕೊಂಡವನೊಬ್ಬ ದೇವರೊಡನೆ ಜಗಳಕ್ಕೆ ನಿಲ್ಲುವ ಕಥೆ ಅದರಲ್ಲಿದೆ. ಐಸ್ನರ್ ತಾವೇ ಹದಿಹರೆಯದ ಮಗಳನ್ನು ಕಳೆದುಕೊಂಡಿದ್ದರು. 2001ರಲ್ಲಿ ಕ್ರಿಸ್ ವೇರ್‌ಗೆ ಗಾರ್ಡಿಯನ್ ಪತ್ರಿಕೆಯ ಚೊಚ್ಚಲ ಪುಸ್ತಕ ಪ್ರಶಸ್ತಿ, 2018ರಲ್ಲಿ ನಿಕ್ ಡ್ರನಾಸೊ ಅವರ ‘ಸಬ್ರಿನಾ’ ಬೂಕರ್ ಮೊದಲ ಪಟ್ಟಿಗೆ, 2020ರಲ್ಲಿ ಜೆರ್ರಿ ಕ್ರಾಫ್ಟ್‌ಗೆ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ. ಪ್ರಶಸ್ತಿಗಳ ಪಟ್ಟಿ ಇಷ್ಟು ಸಾಕು.

ಇರಾನಿನ ಮರ್ಜಾನ್ ಸತ್ರಪಿ ಫ್ರೆಂಚಿನಲ್ಲಿ 2000ದಿಂದ 2003ರವರೆಗೆ ನಾಲ್ಕು ಭಾಗಗಳಲ್ಲಿ ತಂದ ‘ಪರ್ಸೆಪೊಲಿಸ್’ನಿಂದ ಒಂದು ಪುಟವನ್ನಷ್ಟೇ ಹೇಳುತ್ತೇನೆ. ಇರಾನ್–ಇರಾಕ್ ಯುದ್ಧದ ಕಾಲ. ಬಡ ಹುಡುಗರಿಗೆ ಸ್ವರ್ಗದ ಬಾಗಿಲು ತೆರೆಯುತ್ತದೆಂದು ಹೇಳಿ ಪ್ಲಾಸ್ಟಿಕ್ ಕೀಲಿಕೈ ಕೊಟ್ಟು ರಣರಂಗಕ್ಕೆ ಕಳಿಸುತ್ತಿದ್ದಾರೆ. ಪುಟದ ಮೇಲ್ಭಾಗದಲ್ಲಿ ನೆಲಬಾಂಬಿನ ಸ್ಫೋಟಕ್ಕೆ ಸಿಕ್ಕಿ ಗಾಳಿಗೆ ಎಸೆಯಲ್ಪಟ್ಟ ಹುಡುಗರ ಕಪ್ಪು ಆಕೃತಿಗಳು, ಕೊರಳಲ್ಲಿ ಕೀಲಿಕೈ. ಅದರ ಕೆಳಗೇ ಟೆಹರಾನಿನ ಅನುಕೂಲಸ್ಥರ ಮನೆಯಲ್ಲಿ ಮರ್ಜಾನ್ ಹೋಗಿರುವ ಮೊದಲ ಪಾರ್ಟಿ. ಕುಣಿಯುತ್ತಿರುವ ಮಕ್ಕಳು, ಗಾಳಿಯಲ್ಲಿ ಕೈಕಾಲು. ಮೇಲಿನ ಮೈಗಳಿಗೂ ಕೆಳಗಿನ ಮೈಗಳಿಗೂ ಅದೇ ಭಂಗಿ. ಗದ್ಯದಲ್ಲಿ ಒಂದು ವಾಕ್ಯವಾದ ಮೇಲೆ ಇನ್ನೊಂದು ಬರಬೇಕು. ಇಲ್ಲಿ ಎರಡೂ ಒಂದೇ ನೋಟಕ್ಕೆ ಬೀಳುತ್ತವೆ. ಕೆಳಗಿನದನ್ನು ನೋಡುವಾಗ ಮೇಲಿನದು ಕಣ್ಣಂಚಿನಲ್ಲಿ ಉಳಿದೇ ಇರುತ್ತದೆ. ವರ್ಗ, ಯುದ್ಧ, ಬಾಲ್ಯ ಇವುಗಳ ಬಗ್ಗೆ ಹತ್ತು ಪುಟದ ಪ್ರಬಂಧ ಹೇಳುವುದನ್ನು ಆ ಒಂದು ಪುಟ ಹೇಳುತ್ತದೆ.

ಕಾರ್ಕಳದಿಂದ ಹೊರಟ ಚಿತ್ರಕಥೆ

ನಮ್ಮಲ್ಲಿ ಚಿತ್ರಕಥೆ ಎಂದರೆ ನಾಲಿಗೆಗೆ ಮೊದಲು ಬರುವುದು ಅಮರ ಚಿತ್ರ ಕಥೆ. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿ, ರಾಮನ ತಾಯಿ ಯಾರು ಎಂಬುದಕ್ಕೆ ತಡವರಿಸಿದ್ದನ್ನು ಕಂಡು ಅವರು 1967ರಲ್ಲಿ ಈ ಕೆಲಸಕ್ಕೆ ಇಳಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಇನ್ನೊಂದಿದೆ. ಅದಕ್ಕೂ ಮೊದಲು, 1965ರ ಸುಮಾರಿಗೆ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ.ಕೆ. ಅನಂತರಾಂ ಅವರ ಮುತುವರ್ಜಿಯಿಂದ ಈ ಮಾಲೆ ಕನ್ನಡದಲ್ಲೇ ಶುರುವಾಗಿತ್ತು. ಮೊದಲ ಹತ್ತು ಸಂಚಿಕೆಗಳು ಪಶ್ಚಿಮದ ಕಥೆಗಳು. ಹನ್ನೊಂದನೆಯದು ‘ಕೃಷ್ಣ’, ಅನಂತ ಪೈಯವರ ಕಾಲದ ಮೊದಲ ಭಾರತೀಯ ಕಥೆ.

ಆ ಪುಸ್ತಕಗಳಿಗೆ ನಾನು ಋಣಿ. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕೈಬದಲಾಗುತ್ತಿದ್ದ ಅವು, ಚಂದಮಾಮ, ಬಾಲಮಂಗಳದ ಡಿಂಗ, ಇವುಗಳಿಂದಲೇ ಓದಿನ ರುಚಿ ಹತ್ತಿಸಿಕೊಂಡ ಕನ್ನಡಿಗರು ಲಕ್ಷಗಟ್ಟಲೆ. ಆದರೂ ಪ್ರೀತಿಯಿಂದಲೇ ಒಂದು ಮಾತು ಹೇಳಬೇಕು. ಅಮರ ಚಿತ್ರ ಕಥೆಯಲ್ಲಿ ಉತ್ತರ ಯಾವಾಗಲೂ ಸಿದ್ಧವಾಗಿರುತ್ತದೆ. ಬಿಳಿ ಮೈಯ ನಾಯಕ, ಕಪ್ಪು ಮೈಯ ರಾಕ್ಷಸ. ಯಾರ ಪಕ್ಷ ಹಿಡಿಯಬೇಕೆಂದು ಬಣ್ಣವೇ ಹೇಳಿಬಿಡುತ್ತದೆ. ಪಂಪ ಕರ್ಣನ ಮೇಲೆ ಇಟ್ಟ ಪ್ರೀತಿ, ರನ್ನ ದುರ್ಯೋಧನನಿಗೆ ಕೊಟ್ಟ ಘನತೆ ನಮ್ಮ ಭಾಷೆಯ ಆಸ್ತಿ. ಆ ಅನುಮಾನ, ಆ ಮರುಕ ಮೂವತ್ತೆರಡು ಪುಟದ ಬಣ್ಣದ ಪುಸ್ತಕದಲ್ಲಿ ಕರಗಿಹೋಗುತ್ತವೆ. ಅದು ಕಥೆ ತಿಳಿಸುತ್ತದೆ, ಕಥೆಯೊಡನೆ ಜಗಳವಾಡಲು ಬಿಡುವುದಿಲ್ಲ. ನಾನು ಗೆರೆ ಎಳೆಯುವುದು ಇಲ್ಲಿ. ಚಿತ್ರ ತೆಗೆದುಹಾಕಿ ಮಾತನ್ನಷ್ಟೇ ಉಳಿಸಿದರೂ ಕಥೆಗೆ ಏನೂ ಆಗದಿದ್ದರೆ ಅಲ್ಲಿ ಚಿತ್ರ ಬರೀ ಉಡುಪು. ಚಿತ್ರ ಹೋದರೆ ಅರ್ಥವೇ ಕುಸಿದುಬಿದ್ದರೆ ಅದು ಗ್ರಾಫಿಕ್ ಸಾಹಿತ್ಯ.

ಅದೇ ಅಳತೆಯಲ್ಲಿ ‘ಭೀಮಾಯಣ’ ಎಷ್ಟು ಎತ್ತರದ ಕೃತಿ ಎಂಬುದು ತಿಳಿಯುತ್ತದೆ. 2011ರಲ್ಲಿ ನವಯಾನ ಪ್ರಕಟಿಸಿದ ಈ ಪುಸ್ತಕ ಅಂಬೇಡ್ಕರ್ ಅವರ ಬದುಕಿನ ಘಟನೆಗಳನ್ನು ಹೇಳುತ್ತದೆ. ಪಠ್ಯ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು, ಚಿತ್ರ ಮಧ್ಯಪ್ರದೇಶದ ಪರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದು. ಮನುಷ್ಯರನ್ನು ಪೆಟ್ಟಿಗೆಯಂಥ ಚೌಕಗಳೊಳಗೆ ಕೂರಿಸಲು ಆ ದಂಪತಿ ಒಪ್ಪಲಿಲ್ಲ. ಅದರ ಬದಲು ತಮ್ಮ ಮನೆಗಳ ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ಎಂಬ ವಿನ್ಯಾಸದಿಂದ ಪುಟವನ್ನು ಹಂಚಿಕೊಂಡರು. ಊರಾಚೆ ನಿಲ್ಲಿಸಲ್ಪಟ್ಟವರ ಕಥೆ ಹೇಳುವಾಗ ಅವರನ್ನು ಮತ್ತೆ ಗೆರೆಯೊಳಗೆ ಕೂಡಿಹಾಕುವುದಿಲ್ಲ ಎಂಬ ನಿಲುವೇ ಆ ಪುಟಗಳ ಆಕಾರವಾಗಿದೆ.

ಮಾತಿನ ಗುಳ್ಳೆಗಳನ್ನು ನೋಡಿ. ಮೃದುವಾಗಿ ಮಾತಾಡುವವರ, ಅನ್ಯಾಯ ಉಂಡವರ ಮಾತು ಹಕ್ಕಿಯ ಆಕಾರದಲ್ಲಿ ಹೊರಬರುತ್ತದೆ. ಜಾತಿಯ ವಿಷ ಕಕ್ಕುವವರ ಮಾತಿಗೆ ಚೇಳಿನ ಕೊಂಡಿ. ಮನಸ್ಸಿನಲ್ಲೇ ಉಳಿದ ಮಾತಿಗೆ ಒಂದು ಕಣ್ಣು. ಬಾಯಾರಿದ ಬಾಲಕ ಭೀಮನ ಮೈಯಲ್ಲಿ ಮೀನು ಕಾಣಿಸಿಕೊಳ್ಳುತ್ತದೆ. ಪುಸ್ತಕದ ಭಾಗಗಳು ನೀರು, ನೆಲೆ, ಪಯಣ. ಶಾಲೆಯಲ್ಲಿ ಕುಡಿಯುವ ನೀರು, ಬರೋಡದಲ್ಲಿ ಇರಲು ಕೋಣೆ, ಊರಿನಿಂದ ಊರಿಗೆ ಹೋಗಲು ಗಾಡಿ. ಇವೆಲ್ಲ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಸಂಗತಿಗಳು. ಮೀನಾದ ಬಾಯಾರಿಕೆಯನ್ನು ಕಂಡ ಮಗುವಿಗೆ ಅವು ಒಂದೆರಡು ಸಾಲಾಗಿ ಉಳಿಯುವುದಿಲ್ಲ. ಒರಿಜಿತ್ ಸೇನ್ ನರ್ಮದಾ ಅಣೆಕಟ್ಟಿನ ವಿರುದ್ಧದ ಹೋರಾಟದ ಬಗ್ಗೆ 1994ರಲ್ಲೇ ತಂದ ‘ರಿವರ್ ಆಫ್ ಸ್ಟೋರೀಸ್’, ಅಮೃತಾ ಪಾಟೀಲರ ‘ಕರಿ’, ಕಾಶ್ಮೀರದ ಮಲಿಕ್ ಸಜಾದ್ ಅವರ ‘ಮುನ್ನು’, ಬೆಂಗಳೂರಿನಲ್ಲಿದ್ದುಕೊಂಡು ಬರೆಯುವ ಅಪ್ಪುಪೆನ್ ಅವರ ಕೃತಿಗಳು, ಇವೆಲ್ಲ ಇದೇ ನೆಲದವು. ಆದರೆ ಬಹುಪಾಲು ಇಂಗ್ಲಿಷಿನಲ್ಲಿ.

ಓದು ಕೊಡುವುದೇನು

ಚಿತ್ರ ಕೊಟ್ಟರೆ ಕಲ್ಪನೆ ಸಾಯುತ್ತದೆ ಎಂದು ಹಿರಿಯ ಓದುಗರು ಹೇಳುತ್ತಾರೆ. ಆ ಕಾಳಜಿಯನ್ನು ತಳ್ಳಿಹಾಕಲಾರೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಕಾಡು ಪ್ರತಿ ಓದುಗನೊಳಗೂ ಬೇರೆ ಬೇರೆಯಾಗಿ ಬೆಳೆದಿದೆ. ಅದನ್ನು ಯಾರೇ ಚಿತ್ರಿಸಿದರೂ ಅದು ಅವರೊಬ್ಬರ ಕಾಡಾಗಿಬಿಡುತ್ತದೆ. ಹಲವು ಮನೆತನಗಳ ಮನಸ್ಸು ಒಳಗೊಳಗೇ ಹೆಣೆದುಕೊಳ್ಳುವ ಬಗೆಗೆ ಗದ್ಯವೇ ಬೇಕು. ದೊಡ್ಡ ಕಾದಂಬರಿಗಳನ್ನು ಚಿತ್ರಕ್ಕಿಳಿಸಿ ಅರವತ್ತು ಪುಟಕ್ಕೆ ಕತ್ತರಿಸುವ ಸಂಕ್ಷಿಪ್ತ ಆವೃತ್ತಿಗಳು ನನಗೂ ಬೇಡ. ಆದರೆ ಕಲ್ಪನೆಯ ಕೆಲಸ ರೂಪ ಕಟ್ಟಿಕೊಳ್ಳುವುದೊಂದೇ ಅಲ್ಲ. ಯಾಕೆ ಹೀಗೆ ಮಾಡಿದ, ಇವಳು ಯಾಕೆ ಮುಖ ತಿರುಗಿಸಿದಳು, ಆ ಚಿತ್ರಕ್ಕೂ ಈ ಚಿತ್ರಕ್ಕೂ ನಡುವೆ ಎಷ್ಟು ವರ್ಷ ಹೋಯಿತು ಎಂದು ಊಹಿಸುವುದೂ ಕಲ್ಪನೆಯೇ. ಒಳ್ಳೆಯ ಗ್ರಾಫಿಕ್ ಕಾದಂಬರಿ ಮುಖ ತೋರಿಸಿ ಮನಸ್ಸನ್ನು ಬಚ್ಚಿಡುತ್ತದೆ.

ಅಷ್ಟಕ್ಕೂ ಕನ್ನಡ ಸಾಹಿತ್ಯ ಅಚ್ಚಾದ ಅಕ್ಷರದಲ್ಲಷ್ಟೇ ಬದುಕಿದ್ದು ಯಾವಾಗ? ಕುಮಾರವ್ಯಾಸ ಹಳ್ಳಿಹಳ್ಳಿಗೆ ತಲುಪಿದ್ದು ಗಮಕಿಗಳ ಕಂಠದಿಂದ. ಹರಿಕಥೆ, ತಾಳಮದ್ದಳೆ, ತೊಗಲುಗೊಂಬೆಯಾಟ ಇವುಗಳ ಮೂಲಕ ರಾಮಾಯಣ, ಭಾರತಗಳನ್ನು ಕರತಲಾಮಲಕ ಮಾಡಿಕೊಂಡ, ಓದು ಬಾರದ ಅಜ್ಜಿಯರು ನಮ್ಮ ಮನೆಗಳಲ್ಲೇ ಇದ್ದರು. ತರೀಕೆರೆ ಸಮೀಪದ ಅಮೃತಾಪುರಕ್ಕೆ ಹೋದವರು 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಹೊರಗೋಡೆಯ ಮೇಲೆ ನೂರಾನಲವತ್ತು ಶಿಲ್ಪಫಲಕಗಳನ್ನು ನೋಡುತ್ತಾರೆ. ಎಪ್ಪತ್ತು ರಾಮಾಯಣದ್ದು, ಇಪ್ಪತ್ತೈದು ಕೃಷ್ಣನದು, ನಲವತ್ತೈದು ಮಹಾಭಾರತದ್ದು. ರಾಮಾಯಣದ ಭಾಗವನ್ನು ಅಪ್ರದಕ್ಷಿಣವಾಗಿ ನಡೆಯುತ್ತಾ ಓದಬೇಕು. ಅದೇ ಗುಡಿಯಲ್ಲಿರುವ ಶಾಸನದ ಪದ್ಯಗಳು ಕವಿ ಜನ್ನನವು. ಕವಿಯ ಪದ್ಯವೂ ಸಾಲುಚಿತ್ರವೂ ಒಂದೇ ಅಂಗಳದಲ್ಲಿ ಎಂಟು ಶತಮಾನಗಳಿಂದ ಕೂಡಿ ಬಾಳಿವೆ.

ಓದು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆಯೇ ಎಂದು ವಿಜ್ಞಾನಿಗಳೂ ಅಳೆಯಲು ಹೊರಟಿದ್ದುಂಟು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಡೇವಿಡ್ ಕಿಡ್ ಮತ್ತು ಇಮಾನುವೆಲೆ ಕಸ್ಟಾನೊ ಪ್ರಕಟಿಸಿದ ಪ್ರಯೋಗದ ಪ್ರಕಾರ, ಸಾಹಿತ್ಯಕ ಕಥೆಯ ಸ್ವಲ್ಪ ಭಾಗ ಓದಿದವರು ಬೇರೆಯವರ ಕಣ್ಣು ನೋಡಿ ಅವರ ಭಾವ ಗುರುತಿಸುವುದರಲ್ಲಿ ಉಳಿದವರಿಗಿಂತ ಮುಂದಿದ್ದರು. ಪತ್ರಿಕೆಗಳು ಸಂಭ್ರಮಿಸಿದವು. ಆಮೇಲೆ ಬೇರೆ ತಂಡಗಳು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲ ಸಿಗಲಿಲ್ಲ. ನನಗೆ ಇದರಿಂದ ನಿರಾಶೆಯಾಗಲಿಲ್ಲ. ಒಂದು ಕಥೆಯ ನಾಲ್ಕು ಪುಟ ಓದಿದ ಕೂಡಲೇ ಮನಸ್ಸು ಅಗಲವಾಗುತ್ತದೆ ಎಂದು ಓದಿನ ಸಂಗ ಮಾಡಿದ ಯಾರೂ ಹೇಳಿದ್ದಿಲ್ಲ. ಅದಕ್ಕೆ ವರ್ಷಗಳು ಬೇಕು, ಮರೆತ ಪುಸ್ತಕಗಳೂ ಸೇರಬೇಕು.

ಓದು ನಿಶ್ಚಿತವಾಗಿ ಕೊಡುವುದು ಒಂದಿದೆ, ಅದು ವೇಗದ ಮೇಲಿನ ಹಕ್ಕು. ಸಿನಿಮಾ ತನ್ನ ವೇಗದಲ್ಲಿ ಓಡುತ್ತದೆ. ಮೊಬೈಲಿನ ವಿಡಿಯೊ ಮುಗಿಯುವ ಮೊದಲೇ ಮುಂದಿನದು ಕಾದು ಕೂತಿರುತ್ತದೆ. ಪುಸ್ತಕದಲ್ಲಿ ನಿಲ್ಲುವುದು, ಹಿಂದೆ ಹೋಗುವುದು, ಮುಚ್ಚಿಟ್ಟು ಕಿಟಕಿಯಾಚೆ ನೋಡುವುದು ಎಲ್ಲ ಓದುಗನ ಇಚ್ಛೆ. ಗ್ರಾಫಿಕ್ ಕಾದಂಬರಿ ಈ ಹಕ್ಕನ್ನು ಇನ್ನೂ ಹಿಗ್ಗಿಸುತ್ತದೆ. ಸ್ಪೀಗೆಲ್‌ಮನ್ ಆ ಕವಲುದಾರಿಯನ್ನು ಒಂದು ಕ್ಷಣ ತೋರಿಸಿ ಮುಂದೆ ಹೋಗುವುದಿಲ್ಲ, ನಾವು ಎಷ್ಟು ಹೊತ್ತು ನಿಂತರೆ ಅಷ್ಟು ಹೊತ್ತು ಅದು ನಿಲ್ಲುತ್ತದೆ. ಜೋ ಸ್ಯಾಕೊ 1990ರ ದಶಕದಲ್ಲಿ ‘ಪ್ಯಾಲೆಸ್ಟೈನ್’ನಲ್ಲಿ ನಿರಾಶ್ರಿತರ ಶಿಬಿರದ ಕೆಸರನ್ನು, ಸೋರುವ ತಗಡನ್ನು, ಕಿಕ್ಕಿರಿದ ಕೋಣೆಯ ಒಂದೊಂದು ಮುಖವನ್ನೂ ಬಿಡಿಸಿಟ್ಟಿದ್ದಾರೆ. ಸುದ್ದಿವಾಹಿನಿಯಲ್ಲಿ ಎರಡು ಸೆಕೆಂಡು ಬಂದುಹೋಗುವ ಆ ಮುಖಗಳನ್ನು ಇಲ್ಲಿ ದಾಟಿಹೋಗಲು ಆಗುವುದಿಲ್ಲ. ನೋಯುವವರ ಮುಂದೆ ಸಾವಧಾನವಾಗಿ ಕೂರಿಸುವ ಬರಹಕ್ಕೆ ಸಾಹಿತ್ಯ ಎನ್ನದೆ ಬೇರೇನು ಹೆಸರಿಡುವುದು ನನಗೆ ತಿಳಿಯದು.

ಕನ್ನಡದ ಕಪಾಟಿನಲ್ಲಿ

ಕನ್ನಡಕ್ಕೆ ಗೆರೆಯ ಬರವಿಲ್ಲ. ಮೈಸೂರಿನ ಆರ್.ಕೆ. ಲಕ್ಷ್ಮಣ್ ವಿದ್ಯಾರ್ಥಿಯಾಗಿದ್ದಾಗಲೇ ರಾಶಿಯವರ ‘ಕೊರವಂಜಿ’ಗೆ ಚಿತ್ರ ಬರೆದವರು. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅಂಥವರು ನಮ್ಮ ವಾರಪತ್ರಿಕೆ, ಮಾಸಪತ್ರಿಕೆಗಳ ಕಥೆಗಳಿಗೆ ಬರೆದ ಚಿತ್ರಗಳು ಕಥೆಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿದದ್ದೂ ಇದೆ. ಕುಂದಾಪುರದಲ್ಲಿ ಕಾರ್ಟೂನು ಹಬ್ಬವೇ ನಡೆಯುತ್ತದೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಾಗ ಅದರ ಗಿಡಮರಗಳ ಚಿತ್ರಗಳೂ ಸ್ವಾಮಿಯವರ ಕೈಯವೇ ಆಗಿದ್ದವು. ಲೇಖಕನ ಗದ್ಯ, ಲೇಖಕನದೇ ಗೆರೆ; ಅದು ಸಾಹಿತ್ಯವೇ ಎಂದು ಆಗ ಯಾರೂ ಕೇಳಲಿಲ್ಲ.

ಹಾಗಿದ್ದೂ ದೊಡ್ಡವರಿಗೆಂದೇ ಕನ್ನಡದಲ್ಲಿ ಹುಟ್ಟಿದ ಗ್ರಾಫಿಕ್ ಕಾದಂಬರಿಗಳು ಯಾಕೆ ಇಷ್ಟು ವಿರಳ? ಕಾರಣ ಹಣ ಮತ್ತು ಕಾಲ. ಸ್ಪೀಗೆಲ್‌ಮನ್ ‘ಮೌಸ್’ಗಾಗಿ 1978ರಿಂದ 1991ರವರೆಗೆ ದುಡಿದರು. ಒಂದು ಪುಟ ಬಿಡಿಸಲು ದಿನಗಳು ಹಿಡಿಯುತ್ತವೆ. ಅಷ್ಟು ಕಾಲ ಕಲಾವಿದನ ಮನೆ ನಡೆಯಬೇಕು. ಕನ್ನಡದ ಪುಸ್ತಕ ಸಾಮಾನ್ಯವಾಗಿ ಅಚ್ಚಾಗುವುದು ಸಾವಿರ ಪ್ರತಿ. ಪ್ರಕಾಶಕರು ನೆಚ್ಚಿಕೊಂಡಿರುವ ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಅಕ್ಷರ ತುಂಬಿದ ಪುಟಕ್ಕೂ, ಕಲಾವಿದ ವಾರ ಕೂತು ಬಿಡಿಸಿದ ಪುಟಕ್ಕೂ ಒಂದೇ ತಕ್ಕಡಿ ಸಲ್ಲದು. ಈ ಲೆಕ್ಕ ಬದಲಾಗದೆ ಬರೀ ಉತ್ಸಾಹದಿಂದ ಪುಸ್ತಕ ಬರುವುದಿಲ್ಲ. ಧಾರಾವಾಹಿ ಕಾದಂಬರಿಗಳನ್ನು ದಶಕಗಳ ಕಾಲ ಸಾಕಿದ ನಮ್ಮ ವಾರಪತ್ರಿಕೆಗಳು ವಾರಕ್ಕೆ ಎರಡು ಪುಟ ಬಿಟ್ಟುಕೊಟ್ಟರೂ ಒಬ್ಬ ಕಲಾವಿದನಿಗೆ ಎರಡು ವರ್ಷದ ಅನ್ನ ಸಿಗುತ್ತದೆ, ಕೊನೆಗೊಂದು ಪುಸ್ತಕವೂ ಸಿದ್ಧವಾಗುತ್ತದೆ.

ಈ ಪ್ರಕಾರ ಕನ್ನಡಕ್ಕೆ ಬೇಕೆನ್ನಲು ನನಗೊಂದು ಸ್ವಾರ್ಥದ ಕಾರಣವೂ ಇದೆ. ಇಲ್ಲಿ ಬರುವುದೆಲ್ಲ ಆಡುಮಾತು. ಧಾರವಾಡದ ಮಾತು, ಕುಂದಾಪುರದ ಮಾತು, ಮಂಡ್ಯದ ಮಾತು, ಕಲಬುರಗಿಯ ಮಾತು ಪುಸ್ತಕದ ಕನ್ನಡಕ್ಕೆ ತಲೆಬಾಗದೆ ನೇರವಾಗಿ ಪುಟಕ್ಕೆ ಬರಬಹುದು. ಅರ್ಥವಾಗದ ಪದಕ್ಕೆ ಪಕ್ಕದ ಚಿತ್ರವೇ ಟಿಪ್ಪಣಿ. ಹೊರದೇಶಗಳಲ್ಲಿ ಬೆಳೆಯುತ್ತಿರುವ, ಮನೆಯಲ್ಲಿ ಕನ್ನಡ ಮಾತಾಡಿ ಓದಲು ಹಿಂಜರಿಯುವ ಮಕ್ಕಳಿಗೆ ತುಂಬು ಗದ್ಯದ ಪುಟ ಗೋಡೆಯಾಗಿ ನಿಲ್ಲುತ್ತದೆ. ನಾಲ್ಕು ಪದದ ಮಾತಿನ ಗುಳ್ಳೆ ಹಾಗಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಐದು ಸಾವಿರಕ್ಕೂ ಹೆಚ್ಚಿವೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು. ಆ ಕಪಾಟುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳ ಪಕ್ಕ ಒಂದು ಸಾಲು ಒಳ್ಳೆಯ ಚಿತ್ರಕಾದಂಬರಿಗಳಿದ್ದರೆ ಸಂಜೆ ಬಂದ ಹುಡುಗಿ ಯಾವುದಕ್ಕೆ ಕೈ ಚಾಚುತ್ತಾಳೆಂದು ನೋಡುವ ಆಸೆ ನನಗೆ.

ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಸಿಗುವುದರಿಂದಲೇ ಶುರುಮಾಡುವವರಿಗೆ ಒಂದೆರಡು ಮಾತು. ‘ಪರ್ಸೆಪೊಲಿಸ್’ ಮೊದಲು, ಕಪ್ಪುಬಿಳುಪಿನ ಸರಳ ಗೆರೆ, ಭಾಷೆಯೂ ತೊಡಕಿಲ್ಲ, ಕಥೆ ಹೇಳುವವಳು ಹತ್ತು ವರ್ಷದ ತುಂಟಿ. ಆಮೇಲೆ ‘ಭೀಮಾಯಣ’, ಮನೆಯಲ್ಲಿ ಮಕ್ಕಳಿದ್ದರೆ ಅವರ ಜೊತೆಗೇ ಓದಿ, ಚೇಳಿನ ಕೊಂಡಿ ಯಾವ ಮಾತಿಗಿದೆ ಎಂದು ಅವರೇ ನಿಮಗಿಂತ ಮೊದಲು ಹೇಳುತ್ತಾರೆ. ಯಾವುದನ್ನೇ ಆದರೂ ಎರಡು ಸಲ ಓದಿ. ಮೊದಲ ಸಲ ಕಣ್ಣು ಮಾತಿನ ಹಿಂದೆ ಓಡುತ್ತದೆ, ಅದು ಸಹಜ. ಎರಡನೇ ಸಲ ಮಾತು ಬಿಟ್ಟು ಬರೀ ಚಿತ್ರ ನೋಡುತ್ತಾ ಹೋಗಿ. ‘ಮೌಸ್’ ಕೊಳ್ಳುವುದಾದರೆ ಎರಡೂ ಸಂಪುಟಗಳು ಕೂಡಿರುವ ಪ್ರತಿಯನ್ನೇ ಕೊಳ್ಳಿ. ಮೊದಲನೆಯದು ಮುಗಿಯುವುದು ಡೈರಿ ಸುಟ್ಟ ತಂದೆಯನ್ನು ಮಗ ಕೊಲೆಗಾರ ಎಂದು ಕರೆಯುವಲ್ಲಿ. ಆ ರಾತ್ರಿ ಎರಡನೆಯದು ಕೈಯಲ್ಲಿಲ್ಲದಿದ್ದರೆ ಕಷ್ಟ.